ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಹೊರಟಿದ್ದೀರಾ? ಕ್ಲಾಸ್ ರಿಜಿಸ್ಟ್ರೇಷನ್‌ಗೆ ಹೀಗೆ ತಯಾರಾಗಿ

ಒಂದು ಸೆಮಿಸ್ಟರ್ ವಿದೇಶದ ವಿಶ್ವವಿದ್ಯಾಲಯದಲ್ಲಿ ಓದುವ ಎಕ್ಸ್‌ಚೇಂಜ್‌ಗೆ ಆಯ್ಕೆಯಾದ ಸುದ್ದಿ ಬಂದ ಕೂಡಲೇ ಎಲ್ಲರ ಗಮನ ವೀಸಾ, ವಿಮಾನದ ಟಿಕೆಟ್, ಹಾಸ್ಟೆಲ್ ಕಡೆ ಹೋಗುತ್ತದೆ. ಕ್ಲಾಸ್‌ಗಳ ವಿಚಾರ ಮಾತ್ರ ‘ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು’ ಅಂತ ಹಿಂದೆ ಬೀಳುತ್ತದೆ. ಆದರೆ ಅಷ್ಟು ದೂರ ಹೋಗುತ್ತಿರುವುದೇ ಓದುವುದಕ್ಕೆ, ಅಲ್ವಾ? ಆ ಸೆಮಿಸ್ಟರ್ ನಿಮ್ಮ ಡಿಗ್ರಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ತೀರ್ಮಾನ ಆಗುವುದು ಈ ರಿಜಿಸ್ಟ್ರೇಷನ್‌ನಲ್ಲೇ.

ಮೊದಲೇ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಕ್ಸ್‌ಚೇಂಜ್ ವಿದ್ಯಾರ್ಥಿ ತೆಗೆದುಕೊಳ್ಳುವ ಪ್ರತಿ ಕ್ಲಾಸ್‌ಗೂ ಎರಡು ಕಡೆಯ ಒಪ್ಪಿಗೆ ಬೇಕು. ಅಲ್ಲಿನ ವಿಶ್ವವಿದ್ಯಾಲಯ ಸೀಟು ಕೊಡಬೇಕು. ಇಲ್ಲಿನ, ಅಂದರೆ ನೀವು ಡಿಗ್ರಿ ಪಡೆಯುವ ವಿಶ್ವವಿದ್ಯಾಲಯ, ಅದರ ಕ್ರೆಡಿಟ್ (ಓದಿನ ಪ್ರಮಾಣದ ಲೆಕ್ಕ) ಒಪ್ಪಿಕೊಳ್ಳಬೇಕು. ಸೀಟು ಸಿಕ್ಕಿ ಕ್ರೆಡಿಟ್ ಸಿಗದಿದ್ದರೆ ವಾಪಸ್ ಬಂದ ಮೇಲೆ ಅದೇ ವಿಷಯವನ್ನು ಮತ್ತೆ ಓದಬೇಕಾಗುತ್ತದೆ. ಕ್ರೆಡಿಟ್‌ಗೆ ಒಪ್ಪಿಗೆ ಸಿಕ್ಕಿ ಸೀಟು ಸಿಗದಿದ್ದರೆ ಸೆಮಿಸ್ಟರ್ ಶುರುವಾದ ಮೇಲೆ ಬೇರೆ ಕೋರ್ಸ್ ಹುಡುಕಿಕೊಂಡು ಓಡಾಡಬೇಕಾಗುತ್ತದೆ. ಎರಡೂ ಒಪ್ಪಿಗೆ ಬರವಣಿಗೆಯಲ್ಲಿ ನಿಮ್ಮ ಕೈಯಲ್ಲಿರಬೇಕು. ಫೋನಿನಲ್ಲಿ ‘ಆಗುತ್ತೆ, ಏನೂ ತೊಂದರೆ ಇಲ್ಲ’ ಅಂದಿದ್ದನ್ನು ಒಂದು ವರ್ಷ ಬಿಟ್ಟು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಮೊದಲು ನಿಮ್ಮ ವಿಭಾಗದಲ್ಲೇ ಕೇಳಿ

ಅಲ್ಲಿನ ಕೋರ್ಸ್ ಪಟ್ಟಿ ತೆರೆಯುವ ಮೊದಲು ನಿಮ್ಮ ವಿಭಾಗದ ಸಂಯೋಜಕರ ಹತ್ತಿರ ಕೂತು ಮಾತಾಡಿ. ಆ ಸೆಮಿಸ್ಟರ್‌ನಲ್ಲಿ ಎಷ್ಟು ಕ್ರೆಡಿಟ್ ಮುಗಿಸಲೇಬೇಕು? ಯಾವ ಕಡ್ಡಾಯ ವಿಷಯಗಳನ್ನು ಹೊರಗೆ ಓದಿದರೆ ಒಪ್ಪುತ್ತಾರೆ? ಅಂಕಗಳನ್ನು ಇಲ್ಲಿನ ಗ್ರೇಡ್‌ಗೆ ಬದಲಾಯಿಸುತ್ತಾರೋ, ಸುಮ್ನೆ ಪಾಸ್ ಅಂತ ಬರೆದುಕೊಳ್ಳುತ್ತಾರೋ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಯಾರು, ಅವರು ರಜೆಯಲ್ಲಿದ್ದರೆ ಅವರ ಬದಲು ಯಾರು? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಿಮಗೆ ತುರ್ತಾಗಿ ಸಹಿ ಬೇಕಾಗುವುದು ಮಾತ್ರ ಸಾಮಾನ್ಯವಾಗಿ ರಜೆಯ ಸಮಯದಲ್ಲೇ.

ನನ್ನ ಸಲಹೆ ಕೇಳಿದರೆ, ಮುಂದಿನ ಸೆಮಿಸ್ಟರ್‌ಗೆ ಆಧಾರವಾಗುವ ಕಡ್ಡಾಯ ವಿಷಯಗಳನ್ನು ಆದಷ್ಟು ನಿಮ್ಮಲ್ಲೇ ಮುಗಿಸಿ. ಐಚ್ಛಿಕ ವಿಷಯಗಳನ್ನು ಹೊರಗೆ ಓದಲು ಉಳಿಸಿಕೊಳ್ಳಿ. ಕಡ್ಡಾಯ ವಿಷಯಕ್ಕೆ ಸಮನಾದ ಕೋರ್ಸ್ ಹುಡುಕುವಾಗ ಪಾಠದ ಭಾಗಗಳೂ ಹೆಚ್ಚು ಕಡಿಮೆ ಒಂದೇ ಆಗಿರಬೇಕು ಅಂತ ಪಟ್ಟು ಹಿಡಿಯುತ್ತಾರೆ. ಐಚ್ಛಿಕಕ್ಕೆ ಆ ಬಿಗಿ ಇರುವುದಿಲ್ಲ. ಅಲ್ಲಿ ಮಾತ್ರ ಸಿಗುವಂಥ, ನಿಮ್ಮಲ್ಲಿ ಯಾರೂ ಕಲಿಸದ ಕೋರ್ಸ್ ತೆಗೆದುಕೊಳ್ಳಲು ಜಾಗವೂ ಉಳಿಯುತ್ತದೆ.

ಕ್ರೆಡಿಟ್ ಲೆಕ್ಕ

ಕ್ರೆಡಿಟ್ ಅನ್ನುವ ಹೆಸರು ಎಲ್ಲ ಕಡೆ ಒಂದೇ, ಅದರ ತೂಕ ಮಾತ್ರ ಬೇರೆ ಬೇರೆ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ವರ್ಷದ ಪೂರ್ತಿ ಓದಿಗೆ 60 ಕ್ರೆಡಿಟ್, ಅಂದರೆ ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ಇದರಲ್ಲಿ ಕ್ಲಾಸಿನಲ್ಲಿ ಕೂರುವ ಸಮಯವಷ್ಟೇ ಅಲ್ಲ, ಮನೆಯಲ್ಲಿ ಓದುವುದು, ಬರೆಯುವುದು, ಪರೀಕ್ಷೆಯ ತಯಾರಿ ಎಲ್ಲವೂ ಸೇರಿದೆ. ಬ್ರಿಟನ್ನಿನಲ್ಲಿ ವರ್ಷಕ್ಕೆ 120 ಕ್ರೆಡಿಟ್. ಆದ್ದರಿಂದ ಅಲ್ಲಿನ ಎರಡು ಕ್ರೆಡಿಟ್ ಇಸಿಟಿಎಸ್‌ನ ಒಂದಕ್ಕೆ ಸಮ. ಅಮೆರಿಕದಲ್ಲಿ ಸೆಮಿಸ್ಟರ್‌ಗೆ ಸಾಮಾನ್ಯವಾಗಿ 15 ಕ್ರೆಡಿಟ್ ಓದುತ್ತಾರೆ, ಹೆಚ್ಚಿನ ಕೋರ್ಸ್‌ಗಳು 3 ಕ್ರೆಡಿಟ್‌ನವು. ಆಸ್ಟ್ರೇಲಿಯಾದಲ್ಲಿ ಕ್ರೆಡಿಟ್ ಸಂಖ್ಯೆ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾದರೂ, ಸೆಮಿಸ್ಟರ್‌ಗೆ ನಾಲ್ಕು ವಿಷಯ ಅಂದರೆ ಪೂರ್ತಿ ಓದು ಅನ್ನುವುದು ರೂಢಿ.

ಹಾಗಾಗಿ ನಿಮ್ಮ ಸಂಯೋಜಕರ ಹತ್ತಿರ ಮಾತಾಡುವಾಗ ಬರೀ ಕ್ರೆಡಿಟ್ ಸಂಖ್ಯೆ ಹೇಳಬೇಡಿ. ‘ಇದು ಅಲ್ಲಿನ ಒಂದು ಸೆಮಿಸ್ಟರ್ ಓದಿನ ಆರನೇ ಒಂದು ಭಾಗ’ ಅಂತ ಹೇಳಿ. 5 ಇಸಿಟಿಎಸ್‌ನ ಕೋರ್ಸ್ ಅಂದರೆ ಅಷ್ಟೇ, ಒಟ್ಟು 125ರಿಂದ 150 ಗಂಟೆಯ ಕೆಲಸ. ಹೀಗೆ ಹೇಳಿದರೆ ಎದುರಿನವರಿಗೆ ತಕ್ಷಣ ಅರ್ಥವಾಗುತ್ತದೆ.

ಸ್ವೀಡನ್ನಿಗೆ ಹೋಗುವವರು ಇನ್ನೊಂದನ್ನು ನೋಡಬೇಕು. ಅಲ್ಲಿ ಎಷ್ಟೋ ಕೋರ್ಸ್‌ಗಳು ಸೆಮಿಸ್ಟರ್ ಪೂರ್ತಿ ನಡೆಯುವುದಿಲ್ಲ, ಒಂದಾದ ಮೇಲೆ ಒಂದು ಬರುತ್ತವೆ. 7.5 ಕ್ರೆಡಿಟ್‌ನ ಕೋರ್ಸ್ ಪೂರ್ಣ ವೇಗದಲ್ಲಿ 5 ವಾರಕ್ಕೆ ಮುಗಿಯುತ್ತದೆ, ಅರ್ಧ ವೇಗದಲ್ಲಿ 10 ವಾರ ಹಿಡಿಯುತ್ತದೆ. ಒಟ್ಟು 30 ಕ್ರೆಡಿಟ್ ಆಯಿತು ಅಂತ ನಾಲ್ಕು ಕೋರ್ಸ್ ಆರಿಸಿಕೊಂಡು, ಅದರಲ್ಲಿ ಮೂರು ಒಂದೇ ಅವಧಿಗೆ ಬಿದ್ದರೆ ಆ ವಾರಗಳಲ್ಲಿ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಮೊತ್ತದ ಜೊತೆಗೆ ಯಾವ ವಾರಕ್ಕೆ ಎಷ್ಟು ಅನ್ನುವುದನ್ನೂ ಕೂಡಿ ನೋಡಿ.

ಕನಿಷ್ಠ ಕ್ರೆಡಿಟ್ ಬರೀ ಓದಿನ ಪ್ರಶ್ನೆಯಲ್ಲ, ಎಷ್ಟೋ ದೇಶಗಳಲ್ಲಿ ವೀಸಾದ ಪ್ರಶ್ನೆಯೂ ಹೌದು. ಅಮೆರಿಕದಲ್ಲಿ ಎಫ್-1 ವೀಸಾದ ಪದವಿ ವಿದ್ಯಾರ್ಥಿ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದಬೇಕು. ಎಕ್ಸ್‌ಚೇಂಜ್‌ಗೆ ಹೋಗುವವರಲ್ಲಿ ಹೆಚ್ಚಿನವರಿಗೆ ಸಿಗುವ ಜೆ-1 ವೀಸಾಕ್ಕೂ ಪೂರ್ಣಾವಧಿ ಓದು ಬೇಕೇ ಬೇಕು. ಕ್ಲಾಸ್ ಕಷ್ಟವಾಯಿತು ಅಂತ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳದೆ ಒಂದು ಕೋರ್ಸ್ ಬಿಟ್ಟು, ಲೆಕ್ಕ 12ಕ್ಕಿಂತ ಕೆಳಗೆ ಇಳಿದರೆ ವೀಸಾಕ್ಕೇ ಕುತ್ತು ಬರಬಹುದು. ಬಿಡುವ ಮೊದಲು ಆ ಕಚೇರಿಯಲ್ಲಿ ಕೇಳಿ. ಬಿಟ್ಟ ಮೇಲೆ ಕೇಳಿದರೆ ಅವರ ಕೈಯಲ್ಲೂ ಜಾಸ್ತಿ ಏನೂ ಇರುವುದಿಲ್ಲ.

ಲರ್ನಿಂಗ್ ಅಗ್ರಿಮೆಂಟ್

ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆಯಾದ ಎರಾಸ್ಮಸ್ 1987ರಲ್ಲಿ ಶುರುವಾಯಿತು. ಆ ಯೋಜನೆಯಲ್ಲಿ ಹೋಗುವವರಿಗೆ ಲರ್ನಿಂಗ್ ಅಗ್ರಿಮೆಂಟ್ ಅನ್ನುವ ಒಪ್ಪಂದ ಪತ್ರ ಇರುತ್ತದೆ. ಅಲ್ಲಿ ನೀವು ಓದುವ ಕೋರ್ಸ್‌ಗಳು ಒಂದು ಪಟ್ಟಿಯಲ್ಲಿ, ಅವುಗಳ ಬದಲಿಗೆ ಇಲ್ಲಿ ಲೆಕ್ಕಕ್ಕೆ ಬರುವ ಕೋರ್ಸ್‌ಗಳು ಇನ್ನೊಂದು ಪಟ್ಟಿಯಲ್ಲಿ. ನೀವು, ಕಳಿಸುವ ವಿಶ್ವವಿದ್ಯಾಲಯ, ಸ್ವಾಗತಿಸುವ ವಿಶ್ವವಿದ್ಯಾಲಯ ಮೂವರೂ ಸಹಿ ಹಾಕಬೇಕು. ಬೇರೆ ಒಪ್ಪಂದಗಳಲ್ಲಿ ಹೋಗುವವರಿಗೂ ಇಂಥದ್ದೇ ಒಂದು ಫಾರಂ ಇರುತ್ತದೆ, ಹೆಸರು ಬೇರೆ ಅಷ್ಟೇ. ಇಲ್ಲದಿದ್ದರೆ ಎರಡು ಪಟ್ಟಿ ಇರುವ ಒಂದು ಪುಟವನ್ನು ನೀವೇ ತಯಾರು ಮಾಡಿ, ಇಮೇಲ್‌ನಲ್ಲಿ ಕಳಿಸಿ ‘ಒಪ್ಪಿಗೆ ಇದೆ’ ಅಂತ ಉತ್ತರ ತರಿಸಿಕೊಳ್ಳಿ.

ಇಲ್ಲಿ ಎಷ್ಟೋ ಜನ ತಪ್ಪು ತಿಳಿದುಕೊಳ್ಳುವ ಒಂದು ವಿಷಯವಿದೆ. ಲರ್ನಿಂಗ್ ಅಗ್ರಿಮೆಂಟ್‌ಗೆ ಸಹಿ ಬಿತ್ತು ಅಂದರೆ ಕ್ಲಾಸಿನಲ್ಲಿ ಸೀಟು ಸಿಕ್ಕಿತು ಅಂತ ಅಲ್ಲ. ಅದು ಏನನ್ನು ಓದಿದರೆ ಏನು ಲೆಕ್ಕಕ್ಕೆ ಬರುತ್ತದೆ ಅನ್ನುವ ಒಪ್ಪಂದ ಮಾತ್ರ. ಸೀಟಿಗೆ ಅಲ್ಲಿನ ಪೋರ್ಟಲ್‌ನಲ್ಲೋ ವಿಭಾಗದ ಕಚೇರಿಯಲ್ಲೋ ಬೇರೆಯಾಗಿ ರಿಜಿಸ್ಟರ್ ಆಗಬೇಕು.

ಕೋರ್ಸ್ ಪಟ್ಟಿ ಓದುವುದೇ ಒಂದು ಕೆಲಸ

ಈಗ ಅಲ್ಲಿನ ಕೋರ್ಸ್ ಪಟ್ಟಿ ತೆರೆಯಿರಿ. ಮೊದಲು ನೋಡಬೇಕಾದ್ದು ಅದು ಯಾವ ವರ್ಷದ್ದು ಅಂತ. ಹೊಸ ವರ್ಷದ ಪಟ್ಟಿ ತಡವಾಗಿ ಬರುವ ಕಡೆ ಹಳೆಯದನ್ನೇ ನೋಡಿ ತಯಾರಾಗಬೇಕಾಗುತ್ತದೆ. ಅದರಲ್ಲಿ ತಪ್ಪಿಲ್ಲ, ಆದರೆ ಹೊಸದು ಬಂದ ದಿನವೇ ಮತ್ತೆ ಹೋಲಿಸಿ ನೋಡಿ. ಎರಡನೆಯದು ಯಾವ ಸೆಮಿಸ್ಟರ್ ಅಂತ. ಎಷ್ಟೋ ಕೋರ್ಸ್‌ಗಳು ವರ್ಷಕ್ಕೆ ಒಂದೇ ಸಲ ನಡೆಯುತ್ತವೆ. ಶೈಕ್ಷಣಿಕ ವರ್ಷವೂ ಎಲ್ಲ ಕಡೆ ಒಂದೇ ಕಾಲಕ್ಕೆ ಶುರುವಾಗುವುದಿಲ್ಲ. ಜಪಾನಿನಲ್ಲಿ ಏಪ್ರಿಲ್‌ನಲ್ಲಿ, ಆಸ್ಟ್ರೇಲಿಯಾದಲ್ಲಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಹೊತ್ತಿಗೆ ಶುರು. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ‘ಮೊದಲ ಸೆಮಿಸ್ಟರ್’ ಅಂತ ಇದ್ದರೆ ಅದು ನೀವು ಅಲ್ಲಿರುವ ತಿಂಗಳುಗಳೇನಾ ಅಂತ ಖಾತ್ರಿ ಮಾಡಿಕೊಳ್ಳಿ.

ಆಮೇಲೆ ಭಾಷೆ. ಕೋರ್ಸಿನ ಹೆಸರು ಇಂಗ್ಲಿಷಿನಲ್ಲಿದೆ ಅಂದ ಮಾತ್ರಕ್ಕೆ ಪಾಠವೂ ಇಂಗ್ಲಿಷಿನಲ್ಲೇ ನಡೆಯುತ್ತದೆ ಅಂತಲ್ಲ. ಹೊರಗಿನವರಿಗೆ ಅನುಕೂಲವಾಗಲಿ ಅಂತ ಹೆಸರನ್ನಷ್ಟೇ ಅನುವಾದ ಮಾಡಿ ಹಾಕಿರುತ್ತಾರೆ. ‘ಬೋಧನಾ ಭಾಷೆ’ ಅನ್ನುವ ಕಾಲಂ ಬೇರೆಯೇ ಇರುತ್ತದೆ, ಅದನ್ನು ಹುಡುಕಿ. ಪರೀಕ್ಷೆ ಯಾವ ಭಾಷೆಯಲ್ಲಿ ಅನ್ನುವುದನ್ನೂ ಕೇಳಿ.

ಮಟ್ಟ ನೋಡುವುದು ಕೋರ್ಸಿನ ಸಂಖ್ಯೆಯಿಂದ. ಅಮೆರಿಕದ ಬಹಳಷ್ಟು ಕಡೆ 100ರ ಸಾಲಿನವು ಮೊದಲ ವರ್ಷದವು, 300 ಮತ್ತು 400ರವು ಮೇಲಿನ ವರ್ಷಗಳವು. ಇಂಗ್ಲೆಂಡಿನಲ್ಲಿ ಲೆವೆಲ್ 4, 5, 6 ಅಂದರೆ ಪದವಿಯ ಮೂರು ವರ್ಷಗಳು. ಮೂರನೇ ವರ್ಷದಲ್ಲಿರುವವರು ಸುಲಭ ಅಂತ ಮೊದಲ ವರ್ಷದ ಕೋರ್ಸ್ ತೆಗೆದುಕೊಂಡರೆ ಇಲ್ಲಿನ ವಿಭಾಗ ಒಪ್ಪದೇ ಇರಬಹುದು.

ಎಕ್ಸ್‌ಚೇಂಜ್‌ನವರಿಗೆ ಆ ಕೋರ್ಸ್ ತೆರೆದಿದೆಯೇ ಅನ್ನುವುದು ಇನ್ನೊಂದು. ವೈದ್ಯಕೀಯ, ಕಾನೂನು, ಮ್ಯಾನೇಜ್‌ಮೆಂಟ್, ವಿನ್ಯಾಸದ ಸ್ಟುಡಿಯೋ, ಸೀಟು ಕಮ್ಮಿ ಇರುವ ಲ್ಯಾಬ್ ಇಂಥ ಕಡೆ ಹೊರಗಿನವರಿಗೆ ಬಾಗಿಲು ಮುಚ್ಚಿರುವುದು ಸಾಮಾನ್ಯ. ಒಪ್ಪಂದ ಯಾವ ಯಾವ ವಿಭಾಗಗಳ ನಡುವೆ ಆಗಿದೆ ಅನ್ನುವುದರಿಂದಲೂ ಬಹಳ ವ್ಯತ್ಯಾಸವಾಗುತ್ತದೆ. ಇಡೀ ವಿಶ್ವವಿದ್ಯಾಲಯದ ನಡುವಿನ ಒಪ್ಪಂದವಾದರೆ ಬೇರೆ ವಿಭಾಗದ ಕೋರ್ಸ್‌ಗಳೂ ಸಿಗಬಹುದು. ಒಂದು ವಿಭಾಗಕ್ಕೆ ಸೀಮಿತವಾದ ಒಪ್ಪಂದವಾದರೆ ಹೆಚ್ಚಿನ ಕೋರ್ಸ್‌ಗಳನ್ನು ಅಲ್ಲೇ ತೆಗೆದುಕೊಳ್ಳಿ ಅನ್ನುತ್ತಾರೆ. ಇದನ್ನು ಮೊದಲ ಇಮೇಲ್‌ನಲ್ಲೇ ಕೇಳಿಬಿಡಿ.

ಟೈಮ್‌ಟೇಬಲ್ ಕಾಗದದ ಮೇಲೆ ಹಾಕಿ ನೋಡಿ

ಒಂದು ಕೋರ್ಸ್ ಅಂದರೆ ವಾರಕ್ಕೆ ಒಂದೇ ಕ್ಲಾಸ್ ಅಲ್ಲ. ದೊಡ್ಡ ಹಾಲಿನಲ್ಲಿ ಎಲ್ಲರಿಗೂ ನಡೆಯುವ ಉಪನ್ಯಾಸ ಒಂದು, ಇಪ್ಪತ್ತು ಮೂವತ್ತು ಜನರ ಟ್ಯುಟೋರಿಯಲ್ ಇನ್ನೊಂದು, ವಿಜ್ಞಾನವಾದರೆ ಲ್ಯಾಬ್ ಮತ್ತೊಂದು. ಅಮೆರಿಕದಲ್ಲಿ ಉಪನ್ಯಾಸದ ಜೊತೆ ಲ್ಯಾಬ್ ಅಥವಾ ಚರ್ಚೆಯ ಸೆಕ್ಷನ್ ಇರುವ ಕೋರ್ಸ್‌ಗೆ ಎರಡನ್ನೂ ಬೇರೆ ಬೇರೆ ಆರಿಸಬೇಕು. ಒಂದನ್ನು ಬಿಟ್ಟರೆ ಪೋರ್ಟಲ್ ರಿಜಿಸ್ಟ್ರೇಷನ್ನನ್ನೇ ತೆಗೆದುಕೊಳ್ಳುವುದಿಲ್ಲ. ಫ್ರಾನ್ಸಿನಲ್ಲಿ ಉಪನ್ಯಾಸಕ್ಕೆ ಸಿ.ಎಂ., ಸಣ್ಣ ಗುಂಪಿನ ಕ್ಲಾಸಿಗೆ ಟಿ.ಡಿ. ಅಂತ ಬರೆದಿರುತ್ತಾರೆ. ಟಿ.ಡಿ. ಹಾಜರಿಯಲ್ಲಿ ಅವರು ಬಿಗಿ.

ಒಂದು ಉದಾಹರಣೆ ನೋಡಿ. ನಿಮಗೆ ಅರ್ಥಶಾಸ್ತ್ರದ ಒಂದು ಕೋರ್ಸ್ ಬೇಕು. ಉಪನ್ಯಾಸ ಸೋಮವಾರ 10ರಿಂದ 12. ಟ್ಯುಟೋರಿಯಲ್ ಎರಡು ಗುಂಪು: ಮಂಗಳವಾರ 2 ಗಂಟೆಗೆ ಒಂದು, ಗುರುವಾರ 4 ಗಂಟೆಗೆ ಇನ್ನೊಂದು. ಅಂಕಿಅಂಶ ಶಾಸ್ತ್ರದ ಲ್ಯಾಬ್ ಮಂಗಳವಾರ 1ರಿಂದ 4. ಅಲ್ಲಿಗೆ ಮಂಗಳವಾರದ ಗುಂಪು ಹೋಯಿತು, ಉಳಿದದ್ದು ಗುರುವಾರದ್ದು ಮಾತ್ರ. ಆ ಗುಂಪು ಭರ್ತಿಯಾದರೆ ಉಪನ್ಯಾಸದಲ್ಲಿ ನೂರು ಸೀಟು ಖಾಲಿ ಇದ್ದರೂ ನಿಮಗೆ ಕೋರ್ಸ್ ಸಿಗುವುದಿಲ್ಲ. ಹಾಗಿದ್ದರೆ ರಿಜಿಸ್ಟ್ರೇಷನ್ ತೆರೆದ ಕೂಡಲೇ ಮೊದಲು ಹಿಡಿಯಬೇಕಾದ್ದು ಯಾವುದು? ಗುರುವಾರ 4 ಗಂಟೆಯ ಆ ಟ್ಯುಟೋರಿಯಲ್. ಹೀಗೆ ಇಡೀ ಟೈಮ್‌ಟೇಬಲ್‌ನಲ್ಲಿ ಎಲ್ಲಿ ಇಕ್ಕಟ್ಟಿದೆ ಅಂತ ಮೊದಲೇ ಗುರುತು ಹಾಕಿ, ಅದನ್ನೇ ಮೊದಲು ಒತ್ತಿ.

ಒಂದೇ ವಿಶ್ವವಿದ್ಯಾಲಯಕ್ಕೆ ಊರಿನ ಎರಡು ತುದಿಯಲ್ಲಿ ಕ್ಯಾಂಪಸ್ ಇರಬಹುದು. 12ಕ್ಕೆ ಒಂದು ಕಡೆ ಮುಗಿದು 12ಕ್ಕೇ ಇನ್ನೊಂದು ಕಡೆ ಶುರುವಾದರೆ ಕಾಗದದ ಮೇಲೆ ಸರಿ ಕಾಣುತ್ತದೆ, ಕಾಲಿಗೆ ಸರಿಹೋಗುವುದಿಲ್ಲ. ಜರ್ಮನಿಯ ಟೈಮ್‌ಟೇಬಲ್‌ನಲ್ಲಿ ಗಂಟೆಯ ಪಕ್ಕ ಸಿ.ಟಿ. ಅಂತ ಇದ್ದರೆ ಕ್ಲಾಸ್ ಕಾಲು ಗಂಟೆ ತಡವಾಗಿ ಶುರು, 10 ಅಂತ ಇದ್ದರೆ 10.15ಕ್ಕೆ. ಎಸ್.ಟಿ. ಅಂತ ಇದ್ದರೆ ಸರಿಯಾಗಿ 10ಕ್ಕೇ.

ಐದು ಕೋರ್ಸ್ ಬೇಕಿದ್ದರೆ ಎಂಟೋ ಹತ್ತೋ ಕೋರ್ಸ್‌ಗಳ ಪಟ್ಟಿ ಮಾಡಿ, ಎಲ್ಲದಕ್ಕೂ ನಿಮ್ಮ ವಿಭಾಗದ ಒಪ್ಪಿಗೆ ಮೊದಲೇ ಪಡೆಯಿರಿ. ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಮೊದಲ ಆಯ್ಕೆಯ ಐದೂ ಸಿಗುವುದು ಅಪರೂಪ. ಒಪ್ಪಿಗೆ ಮೊದಲೇ ಇದ್ದರೆ ಸೀಟು ಕೈತಪ್ಪಿದ ನಿಮಿಷದಲ್ಲೇ ಇನ್ನೊಂದನ್ನು ಒತ್ತಬಹುದು. ಇಲ್ಲದಿದ್ದರೆ ಇಮೇಲ್ ಬರೆದು, ಅವರ ಉತ್ತರಕ್ಕೆ ಕಾದು ಕೂತಿರುವಾಗ ಆ ಸೀಟೂ ಹೋಗಿರುತ್ತದೆ.

ರಿಜಿಸ್ಟ್ರೇಷನ್‌ಗೆ ಮೊದಲು ಮುಗಿಸಬೇಕಾದ್ದು

ಪೋರ್ಟಲ್ ಖಾತೆ ಬಂದ ದಿನವೇ ಲಾಗಿನ್ ಆಗಿ ನೋಡಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇದೆಯೇ ಅಂತ ಒಂದೊಂದು ಅಕ್ಷರವೂ ಹೋಲಿಸಿ. ಇನಿಷಿಯಲ್ ಇರುವವರಿಗೆ, ಒಂದೇ ಹೆಸರು ಇರುವವರಿಗೆ ಇಲ್ಲಿ ಗೊಂದಲ ಜಾಸ್ತಿ. ಇದು ಕೊನೆಗೆ ಅಂಕಪಟ್ಟಿಯಲ್ಲಿ ಬರುವ ಹೆಸರು.

ಲಾಗಿನ್‌ಗೆ ಎರಡನೇ ಹಂತದ ಕೋಡ್ ಕೇಳಿದರೆ, ಅದನ್ನು ಮೊಬೈಲ್ ನಂಬರ್‌ಗೆ ಬರುವ ಹಾಗೆ ಇಟ್ಟುಕೊಳ್ಳಬೇಡಿ, ಆ್ಯಪ್‌ನಲ್ಲಿ ಬರುವ ಹಾಗೆ ಇಟ್ಟುಕೊಳ್ಳಿ. ಅಲ್ಲಿಗೆ ಹೋಗಿ ಹೊಸ ಸಿಮ್ ಹಾಕಿದ ಮೇಲೆ ಹಳೆಯ ನಂಬರ್‌ಗೆ ಕೋಡ್ ಬರುವುದಿಲ್ಲ, ಪೋರ್ಟಲ್ ತೆರೆಯುವುದಿಲ್ಲ.

ಅಮೆರಿಕದ ಪೋರ್ಟಲ್‌ಗಳಲ್ಲಿ ‘ಹೋಲ್ಡ್’ ಅಂತ ಒಂದು ಇರುತ್ತದೆ. ದಡಾರದ ಲಸಿಕೆ ಹಾಕಿಸಿದ ದಾಖಲೆ ಕೊಟ್ಟಿಲ್ಲ, ಆರೋಗ್ಯ ವಿಮೆ ತೋರಿಸಿಲ್ಲ, ಯಾವುದೋ ಸಣ್ಣ ಶುಲ್ಕ ಬಾಕಿ ಇದೆ, ಇಂಥ ಕಾರಣಕ್ಕೆ ರಿಜಿಸ್ಟ್ರೇಷನ್ ತಡೆದು ಇಟ್ಟಿರುತ್ತಾರೆ. ಹೋಲ್ಡ್ ಇದೆ ಅಂತ ಎಷ್ಟೋ ಸಲ ಗೊತ್ತಾಗುವುದು ರಿಜಿಸ್ಟ್ರೇಷನ್ ಗುಂಡಿ ಒತ್ತಿದಾಗ. ಎರಡು ವಾರ ಮೊದಲೇ ನೋಡಿ ತೆಗೆಸಿಕೊಳ್ಳಿ. ಲಸಿಕೆಯ ಕಾಗದ ಹುಡುಕಿ, ವೈದ್ಯರ ಸಹಿ ಹಾಕಿಸಿ, ಅಪ್‌ಲೋಡ್ ಮಾಡಿ, ಅವರು ನೋಡುವಷ್ಟರಲ್ಲಿ ಅಷ್ಟು ದಿನ ಆಗಿಯೇ ಆಗುತ್ತದೆ.

ಇನ್ನೊಂದು ತಡೆ ಪೂರ್ವ ಷರತ್ತು. ‘ಈ ಕೋರ್ಸ್ ಓದಲು ಆ ಕೋರ್ಸ್ ಮುಗಿಸಿರಬೇಕು’ ಅಂತ ಇರುತ್ತದೆ. ನೀವು ಅದಕ್ಕೆ ಸಮನಾದದ್ದನ್ನು ಇಲ್ಲಿ ಓದಿರುತ್ತೀರಿ, ಆದರೆ ಅವರ ಕಂಪ್ಯೂಟರ್‌ಗೆ ಅದು ಗೊತ್ತಿಲ್ಲ. ಮನುಷ್ಯರೇ ಅನುಮತಿ ಕೊಡಬೇಕು. ಅದಕ್ಕೆ ಆ ಪ್ರಾಧ್ಯಾಪಕರಿಗೆ ಅಥವಾ ವಿಭಾಗಕ್ಕೆ ಇಮೇಲ್ ಬರೆಯಬೇಕು. ಉದ್ದ ಬೇಡ. ಇಷ್ಟು ಸಾಕು:

‘ವಿಷಯ: ಎಕ್ಸ್‌ಚೇಂಜ್ ವಿದ್ಯಾರ್ಥಿ, (ಕೋರ್ಸಿನ ಕೋಡ್ ಮತ್ತು ಹೆಸರು), ಪೂರ್ವ ಷರತ್ತಿನ ಅನುಮತಿ ಕೋರಿ.

ಮಾನ್ಯ ಪ್ರಾಧ್ಯಾಪಕರೇ, ನಾನು ಬರುವ ಸೆಮಿಸ್ಟರ್‌ಗೆ ನಿಮ್ಮ ವಿಶ್ವವಿದ್ಯಾಲಯಕ್ಕೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಬರುತ್ತಿದ್ದೇನೆ. ಈ ಕೋರ್ಸ್‌ಗೆ ಲೀನಿಯರ್ ಆಲ್ಜಿಬ್ರಾ ಓದಿರಬೇಕು ಅಂತ ಇದೆ. ಅದನ್ನು ನನ್ನ ವಿಶ್ವವಿದ್ಯಾಲಯದಲ್ಲಿ ಎರಡನೇ ಸೆಮಿಸ್ಟರ್‌ನಲ್ಲಿ ಮುಗಿಸಿದ್ದೇನೆ. ಅದರ ಸಿಲಬಸ್ ಮತ್ತು ನನ್ನ ಅಂಕಪಟ್ಟಿ ಜೊತೆಗಿವೆ. ಇವನ್ನು ನೋಡಿ ರಿಜಿಸ್ಟರ್ ಆಗಲು ಅನುಮತಿ ಕೊಡಲು ಸಾಧ್ಯವೇ? ನನ್ನ ವಿದ್ಯಾರ್ಥಿ ಸಂಖ್ಯೆ ಇದು.’

ಇದನ್ನು ಅವರು ಓದುವ ಭಾಷೆಯಲ್ಲಿ ಬರೆಯಿರಿ. ಸಿಲಬಸ್ ಬೇರೆ ಭಾಷೆಯಲ್ಲಿದ್ದರೆ ಒಂದು ಪುಟದ ಅನುವಾದ ಜೊತೆಗಿಡಿ. ಯಾರು, ಯಾವ ಕೋರ್ಸ್, ಏನು ಬೇಕು ಅನ್ನುವುದು ಮೊದಲ ನೋಟಕ್ಕೇ ಸಿಗಬೇಕು. ಒಂದು ವಾರ ಉತ್ತರ ಬರದಿದ್ದರೆ ಅದೇ ಇಮೇಲ್‌ನ ಕೆಳಗೆ ಎರಡು ಸಾಲು ಬರೆದು ಮತ್ತೆ ಕಳಿಸಿ, ಈ ಸಲ ಎಕ್ಸ್‌ಚೇಂಜ್ ಕಚೇರಿಗೂ ಪ್ರತಿ ಹೋಗಲಿ. ಮತ್ತೆ ಕೇಳುವುದರಲ್ಲಿ ಸಂಕೋಚ ಬೇಡ.

ರಿಜಿಸ್ಟ್ರೇಷನ್ ದಿನ

ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ. ಕೆಲವು ಕಡೆ ಮೊದಲು ಬಂದವರಿಗೆ ಸೀಟು. ದಕ್ಷಿಣ ಕೊರಿಯಾದಲ್ಲಿ ಈ ಪೈಪೋಟಿ ಎಷ್ಟು ಜೋರು ಅಂದರೆ, ವೇಗದ ಇಂಟರ್ನೆಟ್ ಸಿಗಲಿ ಅಂತ ವಿದ್ಯಾರ್ಥಿಗಳು ಗೇಮಿಂಗ್ ಕೇಂದ್ರಗಳಿಗೆ ಹೋಗಿ ಕೂರುತ್ತಾರೆ. ಇನ್ನು ಕೆಲವು ಕಡೆ ಆಯ್ಕೆಗಳನ್ನು ಕ್ರಮವಾಗಿ ಬರೆದುಕೊಟ್ಟರೆ ಆಮೇಲೆ ಹಂಚುತ್ತಾರೆ ಅಥವಾ ಚೀಟಿ ಎತ್ತುತ್ತಾರೆ. ಅಲ್ಲಿ ಆತುರ ಬೇಕಿಲ್ಲ, ಮೊದಲ ದಿನ ಕೊಟ್ಟರೂ ಕೊನೆಯ ದಿನ ಕೊಟ್ಟರೂ ಒಂದೇ. ಎಕ್ಸ್‌ಚೇಂಜ್‌ನವರ ಹೆಸರನ್ನು ಸಂಯೋಜಕರೇ ಕೈಯಾರೆ ಸೇರಿಸುವ ಕಡೆಗಳೂ ಇವೆ. ಫ್ರಾನ್ಸ್‌ನಂಥ ಕಡೆ ಆಡಳಿತದ ನೋಂದಣಿ ಬೇರೆ, ಕೋರ್ಸ್‌ಗಳ ನೋಂದಣಿ ಬೇರೆ. ಮೊದಲನೆಯದು ಮುಗಿದ ಮೇಲೆ ಒಂದೊಂದು ವಿಭಾಗದ ಕಚೇರಿಗೂ ಹೋಗಿ ಎರಡನೆಯದನ್ನು ಮಾಡಿಸಬೇಕಾಗಬಹುದು. ನೀವು ಹೋಗುವ ವಿಶ್ವವಿದ್ಯಾಲಯದ್ದು ಯಾವ ಪದ್ಧತಿ ಅಂತ ಕೇಳಿ ತಿಳಿದುಕೊಳ್ಳಿ.

ಮೊದಲು ಬಂದವರಿಗೆ ಸೀಟು ಅನ್ನುವ ಕಡೆ ಗಡಿಯಾರವೇ ಮುಖ್ಯ. ಇಮೇಲ್‌ನಲ್ಲಿ ಬರೆದಿರುವುದು ಅಲ್ಲಿನ ಸಮಯ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಬದಲಾಯಿಸುತ್ತಾರೆ. ಹಿಂದಿನ ತಿಂಗಳು ಲೆಕ್ಕ ಹಾಕಿದ ಸಮಯ ಈ ತಿಂಗಳು ತಪ್ಪಾಗಬಹುದು. ಹಿಂದಿನ ದಿನ ಮತ್ತೆ ನೋಡಿ.

ಕೋರ್ಸ್ ಕೋಡ್‌ಗಳನ್ನು ಒಂದು ಫೈಲಿನಲ್ಲಿ ಕ್ರಮವಾಗಿ ಬರೆದಿಟ್ಟುಕೊಳ್ಳಿ, ಹುಡುಕುತ್ತಾ ಕೂರುವ ಹಾಗೆ ಆಗಬಾರದು. ಪೋರ್ಟಲ್‌ನಲ್ಲಿ ‘ಕಾರ್ಟ್’ ಇದ್ದರೆ ಮೊದಲೇ ಎಲ್ಲವನ್ನೂ ಅದರಲ್ಲಿ ಹಾಕಿಡಿ. ಆದರೆ ಕಾರ್ಟ್‌ಗೆ ಹಾಕಿದರೆ ರಿಜಿಸ್ಟರ್ ಆದಂತಲ್ಲ. ಸಮಯ ಬಂದಾಗ ‘ಎನ್‌ರೋಲ್’ ಒತ್ತಲೇಬೇಕು. ಒತ್ತಿದ ಮೇಲೆ ಪ್ರತಿ ಕೋರ್ಸಿನ ಮುಂದೆ ಏನು ಬಂದಿದೆ ಓದಿ: ಸೀಟು ಸಿಕ್ಕಿದೆಯೋ, ಕಾಯುವ ಪಟ್ಟಿಯೋ, ತಿರಸ್ಕಾರವೋ? ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

ಕಾಯುವ ಪಟ್ಟಿಯಲ್ಲಿದ್ದರೆ ಸೀಟು ತಾನಾಗಿಯೇ ಬರುತ್ತದೋ, ಇಮೇಲ್ ಬಂದ ಮೇಲೆ ಒಪ್ಪಿಕೊಳ್ಳಬೇಕೋ ಕೇಳಿ. ಅದೇ ಸಮಯಕ್ಕೆ ಬೇರೆ ಕ್ಲಾಸ್ ಇದ್ದರೆ ಅಥವಾ ನಿಮ್ಮ ಕ್ರೆಡಿಟ್ ಮಿತಿ ತುಂಬಿದ್ದರೆ, ಸರದಿ ಬಂದರೂ ಪೋರ್ಟಲ್ ನಿಮ್ಮನ್ನು ದಾಟಿ ಮುಂದಿನವರಿಗೆ ಸೀಟು ಕೊಟ್ಟುಬಿಡಬಹುದು.

ಮೊದಲ ಎರಡು ವಾರ

ಕೋರ್ಸ್ ಸೇರಿಸಲು, ಬಿಡಲು ಅವಕಾಶ ಇರುವ ಈ ದಿನಗಳನ್ನು ಸುಮ್ನೆ ಊರು ನೋಡುವುದರಲ್ಲೇ ಕಳೆಯಬೇಡಿ. ಕಾಯುವ ಪಟ್ಟಿಯಲ್ಲಿರುವ ಕ್ಲಾಸ್‌ಗೂ ಹೋಗಿ ಕೂರಿ. ಮುಗಿದ ಮೇಲೆ ಪ್ರಾಧ್ಯಾಪಕರ ಹತ್ತಿರ ಹೋಗಿ ಪರಿಚಯ ಮಾಡಿಕೊಳ್ಳಿ, ಎಕ್ಸ್‌ಚೇಂಜ್‌ನಲ್ಲಿ ಬಂದಿದ್ದೇನೆ, ಈ ಸೆಮಿಸ್ಟರ್ ಬಿಟ್ಟರೆ ಮತ್ತೆ ಅವಕಾಶ ಇಲ್ಲ ಅಂತ ಹೇಳಿ. ಅಲ್ಲಿನ ವಿದ್ಯಾರ್ಥಿ ಮುಂದಿನ ವರ್ಷ ಓದಬಹುದು, ನೀವು ಓದಲಾಗುವುದಿಲ್ಲ ಅನ್ನುವುದು ಅವರಿಗೂ ಅರ್ಥವಾಗುತ್ತದೆ. ಕೆಲವು ಕಡೆ ಮೊದಲ ಕ್ಲಾಸ್‌ಗೆ ಬಾರದವರ ಹೆಸರು ತೆಗೆದು ಸೀಟನ್ನು ಬೇರೆಯವರಿಗೆ ಕೊಡುತ್ತಾರೆ. ಸ್ವೀಡನ್ನಿನಲ್ಲಿ ಪ್ರವೇಶ ಸಿಕ್ಕ ಮೇಲೂ ಕೋರ್ಸ್ ಶುರುವಾಗುವ ಹೊತ್ತಿಗೆ ನಿಗದಿತ ದಿನಗಳ ಒಳಗೆ ಮತ್ತೆ ರಿಜಿಸ್ಟರ್ ಆಗಬೇಕು, ಇಲ್ಲದಿದ್ದರೆ ಸೀಟು ಹೋಗುತ್ತದೆ. ವಿಮಾನ ಯಾವ ದಿನಕ್ಕೆ ಅನ್ನುವುದನ್ನು ಈ ದಿನಾಂಕ ನೋಡಿ ತೀರ್ಮಾನಿಸಿ.

ಮೊದಲ ದಿನ ಕೊಡುವ ಸಿಲಬಸ್ ಪೂರ್ತಿ ಓದಿ. ಅಂಕ ಯಾವುದಕ್ಕೆ ಎಷ್ಟು, ಹಾಜರಿ ಕಡ್ಡಾಯವೇ, ಗುಂಪಿನ ಕೆಲಸ ಇದೆಯೇ, ಕೊನೆಯ ಪರೀಕ್ಷೆ ಯಾವಾಗ? ಪರೀಕ್ಷೆಯ ದಿನಾಂಕ ಗೊತ್ತಾಗುವ ತನಕ ವಾಪಸ್ ಟಿಕೆಟ್ ಬುಕ್ ಮಾಡಬೇಡಿ, ಅಥವಾ ದಿನ ಬದಲಾಯಿಸಬಹುದಾದ ಟಿಕೆಟ್ ತೆಗೆದುಕೊಳ್ಳಿ. ಜರ್ಮನಿಯಲ್ಲಿ ಚಳಿಗಾಲದ ಪಾಠಗಳು ಫೆಬ್ರವರಿಯಲ್ಲಿ ಮುಗಿದರೂ ಪರೀಕ್ಷೆಗಳು ಮಾರ್ಚ್‌ವರೆಗೆ ಹೋಗಬಹುದು.

ಕೋರ್ಸ್ ಬಿಡುವುದಾದರೆ ಕೊನೆಯ ದಿನದ ಒಳಗೆ ಬಿಡಿ. ಅಮೆರಿಕದಲ್ಲಿ ಆ ದಿನದ ಒಳಗೆ ಬಿಟ್ಟರೆ ಅಂಕಪಟ್ಟಿಯಲ್ಲಿ ಕುರುಹೇ ಇರುವುದಿಲ್ಲ. ಆಮೇಲೆ ಬಿಟ್ಟರೆ ‘ಡಬ್ಲ್ಯೂ’, ಅಂದರೆ ಮಧ್ಯದಲ್ಲಿ ಬಿಟ್ಟಿದ್ದಾರೆ ಅಂತ ಬೀಳುತ್ತದೆ. ಕ್ಲಾಸ್‌ಗೆ ಹೋಗುವುದನ್ನು ನಿಲ್ಲಿಸಿದರೆ ಬಿಟ್ಟ ಹಾಗಲ್ಲ, ಹೆಸರು ಹಾಗೇ ಇದ್ದು ಕೊನೆಗೆ ಫೇಲ್ ಅಂತ ಬರುತ್ತದೆ.

ಒಂದು ಕೋರ್ಸ್ ಬದಲಾದರೂ ಇಲ್ಲಿನ ಒಪ್ಪಿಗೆ ಪತ್ರ ಬದಲಾಗಬೇಕು. ಎರಾಸ್ಮಸ್ ಪತ್ರದಲ್ಲಿ ಇದಕ್ಕೇ ಬೇರೆ ಭಾಗ ಇದೆ. ಟೈಮ್‌ಟೇಬಲ್ ಗಟ್ಟಿಯಾದ ವಾರದಲ್ಲೇ ತಿದ್ದಿ ಎರಡೂ ಕಡೆ ಕಳಿಸಿ, ಹೊಸ ಸಹಿ ತರಿಸಿಕೊಳ್ಳಿ.

ಪರೀಕ್ಷೆಗೆ ಮತ್ತೆ ಹೆಸರು ಕೊಡಬೇಕಾ?

ಎಷ್ಟೋ ಕಡೆ ಹೌದು. ಅಮೆರಿಕದಲ್ಲಿ ಕ್ಲಾಸ್‌ಗೆ ಸೇರಿದರೆ ಪರೀಕ್ಷೆಯೂ ಸೇರಿದಂತೆ. ಜರ್ಮನಿಯಲ್ಲಿ ಕ್ಲಾಸ್ ಬೇರೆ, ಪರೀಕ್ಷೆ ಬೇರೆ. ಪರೀಕ್ಷೆಯ ನೋಂದಣಿಗೆ ಸೆಮಿಸ್ಟರ್ ನಡುವೆ ಕೆಲವೇ ದಿನ ಬಾಗಿಲು ತೆರೆಯುತ್ತದೆ. ಆಗ ಹೆಸರು ಕೊಡದಿದ್ದರೆ ಒಂದೂ ಕ್ಲಾಸ್ ತಪ್ಪಿಸದೆ ಓದಿದ್ದರೂ ಪರೀಕ್ಷೆ ಬರೆಯಲು ಬಿಡದೇ ಇರಬಹುದು. ಹೆಸರು ಕೊಟ್ಟು, ಸಮಯಕ್ಕೆ ವಾಪಸ್ ತೆಗೆದುಕೊಳ್ಳದೆ, ಪರೀಕ್ಷೆಗೂ ಹೋಗದಿದ್ದರೆ ಸಾಮಾನ್ಯವಾಗಿ ಫೇಲ್ ಅಂತಲೇ ಲೆಕ್ಕ. ಇಟಲಿಯಲ್ಲೂ ಪರೀಕ್ಷೆಯ ದಿನಾಂಕವನ್ನು ಆನ್‌ಲೈನ್‌ನಲ್ಲಿ ಆರಿಸಿ ಹೆಸರು ಕೊಡುವುದು ರೂಢಿ. ನೆದರ್ಲೆಂಡ್ಸ್‌ನ ಎಷ್ಟೋ ವಿಶ್ವವಿದ್ಯಾಲಯಗಳಲ್ಲೂ ಪರೀಕ್ಷೆಗೆ ಬೇರೆ ನೋಂದಣಿ ಇದೆ. ಸೆಮಿಸ್ಟರ್ ಶುರುವಾದ ವಾರದಲ್ಲೇ ಆ ದಿನಾಂಕಗಳನ್ನು ಕೇಳಿ, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಅಂಕದ ಪದ್ಧತಿಯನ್ನೂ ಈಗಲೇ ನಿಮ್ಮ ವಿಭಾಗಕ್ಕೆ ತಿಳಿಸಿಡಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸ್, 5.0 ಫೇಲ್. ಇಟಲಿಯಲ್ಲಿ 30ಕ್ಕೆ 18 ಬಂದರೆ ಪಾಸ್. ಫ್ರಾನ್ಸಿನಲ್ಲಿ 20ಕ್ಕೆ 10 ಪಾಸ್, 14 ಅಂದರೆ ಒಳ್ಳೆಯ ಅಂಕ, 16 ಬಹಳ ಒಳ್ಳೆಯದು. ಬ್ರಿಟನ್ನಿನಲ್ಲಿ 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪ್ರಥಮ ದರ್ಜೆ. ಫ್ರಾನ್ಸಿನ 14ನ್ನು ಯಾರಾದರೂ ಸುಮ್ನೆ ನೂರಕ್ಕೆ 70 ಅಂತ ಬದಲಾಯಿಸಿದರೆ ನಿಮಗೆ ನಷ್ಟ. ಅಲ್ಲಿನ ವಿಶ್ವವಿದ್ಯಾಲಯವೇ ಪ್ರಕಟಿಸುವ ಗ್ರೇಡ್ ವಿವರಣೆಯ ಪುಟವನ್ನು ಅಂಕಪಟ್ಟಿಯ ಜೊತೆಗೇ ಕಳಿಸಲು ಕೇಳಿ.

ಹೊರಡುವ ಮೊದಲು

ಪ್ರತಿ ಕೋರ್ಸಿನ ಸಿಲಬಸ್, ನೀವು ಬರೆದ ಪ್ರಬಂಧಗಳು, ರಿಜಿಸ್ಟ್ರೇಷನ್ ದೃಢೀಕರಣ, ಒಪ್ಪಿಗೆಯ ಇಮೇಲ್‌ಗಳು ಎಲ್ಲವನ್ನೂ ನಿಮ್ಮ ಸ್ವಂತ ಖಾತೆಗೆ ಇಳಿಸಿಕೊಳ್ಳಿ. ಎಕ್ಸ್‌ಚೇಂಜ್ ಮುಗಿದ ಮೇಲೆ ಅಲ್ಲಿನ ಇಮೇಲ್ ಮತ್ತು ಪೋರ್ಟಲ್ ಖಾತೆ ಮುಚ್ಚಿಹೋಗುತ್ತವೆ. ಪಾಠದ ಭಾಗಗಳು ಏನಿದ್ದವು ಅಂತ ಇಲ್ಲಿ ಕೇಳುವುದು ಮಾತ್ರ ನೀವು ವಾಪಸ್ ಬಂದ ಮೇಲೆ.

ಅಂಕಪಟ್ಟಿ ಎಲ್ಲಿಗೆ, ಯಾರ ಹೆಸರಿಗೆ ಹೋಗುತ್ತದೆ ಅಂತ ಎಕ್ಸ್‌ಚೇಂಜ್ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಫಲಿತಾಂಶ ಬಂದು, ಅಂಕಪಟ್ಟಿ ಸಿದ್ಧವಾಗಿ, ಇಲ್ಲಿಗೆ ತಲುಪಲು ವಾರಗಳೇ ಬೇಕು. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿದ್ದರೆ, ‘ಫಲಿತಾಂಶ ಬರಬೇಕಿದೆ’ ಅಂತ ಒಂದು ತಾತ್ಕಾಲಿಕ ಪತ್ರವನ್ನು ಅಲ್ಲಿಂದಲೇ ಬರೆಸಿಕೊಂಡು ಬನ್ನಿ. ಅಂಕಪಟ್ಟಿ ಬಂದ ದಿನ ಒಪ್ಪಿಗೆ ಪತ್ರವನ್ನು ಪಕ್ಕದಲ್ಲಿಟ್ಟು ಕೋರ್ಸ್ ಕೋಡ್, ಕ್ರೆಡಿಟ್, ಹೆಸರು ಎಲ್ಲ ಹೊಂದುತ್ತವೆಯೇ ನೋಡಿ. ತಪ್ಪಿದ್ದರೆ ಅದೇ ವಾರ ಬರೆಯಿರಿ. ಎರಡನ್ನೂ ಸೇರಿಸಿ ವಿಭಾಗಕ್ಕೆ ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ನಿಮ್ಮ ಇಲ್ಲಿನ ದಾಖಲೆಯಲ್ಲಿ ಆ ಕ್ರೆಡಿಟ್‌ಗಳು ಏರಿವೆಯೇ ಅಂತ ಆ ಸೆಮಿಸ್ಟರ್ ಮುಗಿಯುವುದರೊಳಗೆ ಒಮ್ಮೆ ತೆರೆದು ನೋಡಿ.